ಅಡ್ಡಗಾಳಿಗೆ ಆರು ಸಾಲು

ಗಾಳಿ ಎಷ್ಟಿದೆ ಎಂದು ನಾನು ಕೂಗಿ ಹೇಳಬೇಕಿತ್ತು. ಹೇಳಲಿಲ್ಲ. ಆಮೇಲೆ ಎಲ್ಲರ ಎದುರು ನಿಂತು, ಹೇಳಿದ್ದೆ ಅಂದೆ. ಮೊದಲನೆಯದು ಒಂದು ಗಳಿಗೆಯ ಸಿಟ್ಟು. ಎರಡನೆಯದನ್ನು ಹನ್ನೆರಡು ವರ್ಷ ಒಳಗೇ ಇಟ್ಟುಕೊಂಡು ಮದುವೆಯಾದೆ, ಮಗಳನ್ನು ಹೆತ್ತೆ, ಹಬ್ಬಕ್ಕೆ ಹೋಳಿಗೆ ಮಾಡಿದೆ.

ನಾನು ಓದಿದ್ದು ಏಳನೇ ಕ್ಲಾಸು. ಬರೆದು ಅಭ್ಯಾಸವಿಲ್ಲ. ಅಕ್ಷರ ತಪ್ಪಿದ್ದರೆ ಮಗಳು ತಿದ್ದುತ್ತಾಳೆ, ನಡೆದದ್ದನ್ನು ಮಾತ್ರ ತಿದ್ದಬೇಡ ಎಂದು ಅವಳಿಗೆ ಹೇಳಿದ್ದೇನೆ.

ತುಮಕೂರಿನ ಸದಾಶಿವನಗರದಲ್ಲಿ ನಮ್ಮ ಬಾಡಿಗೆ ಮನೆ. ಆ ಹನ್ನೆರಡನೇ ವರ್ಷದ ಆಷಾಢದಲ್ಲಿ ಊರಿಂದ ಗಂಗಮ್ಮ ಚಿಕ್ಕಮ್ಮ ಬಂದಿದ್ದರು. ಅವರ ಒಂದು ಕಣ್ಣು ಮೊದಲೇ ಹೋಗಿತ್ತು, ಉಳಿದ ಕಣ್ಣಿಗೂ ಪೊರೆ ಬಂದಿತ್ತು. ಆಪರೇಷನ್ ಆದ ಮೇಲೆ ನಾಲ್ಕು ದಿನ ನಮ್ಮಲ್ಲಿದ್ದು ಹೋಗಲಿ ಎಂದು ನಾನೇ ಕರೆದುಕೊಂಡು ಬಂದಿದ್ದೆ. ಸಾಯಂಕಾಲ ಕಪ್ಪು ಕನ್ನಡಕ ಹಾಕಿಕೊಂಡು ಬಾಗಿಲ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಬೀದಿಯಲ್ಲಿ ಪಕ್ಕದ ಮನೆಯ ಹುಡುಗಿಯರು ಶಟಲ್ ಆಡುತ್ತಿದ್ದರು. ಗಾಳಿ ಜೋರಾಗಿತ್ತು. ಕಾಕ್ ಮತ್ತೆ ಮತ್ತೆ ನಮ್ಮ ಕಾಂಪೌಂಡಿನೊಳಗೆ ಬಂದು ಬೀಳುತ್ತಿತ್ತು.

"ನೆಟ್ಟಗೆ ಹೊಡೀರೇ, ನನ್ ಕಣ್ಣಿಗ್ ಬಿದ್ದಾತು" ಅಂದರು ಚಿಕ್ಕಮ್ಮ.

"ನೆಟ್ಟಗೇ ಹೊಡಿತಿದೀನಿ ಅಜ್ಜಿ. ಗಾಳಿ ಎಳ್ಕೊಂಡ್ ಹೋಗತ್ತೆ" ಅಂದಳು ಒಬ್ಬಳು. ಆಮೇಲೆ ಗೆಳತಿಯ ಕಡೆ ತಿರುಗಿ, "ಎದುರು ಮನೆ ಕಡೆ ನೋಡ್ಕೊಂಡ್ ಹೊಡಿಯೇ, ಸರಿಯಾಗಿ ನನ್ ಹತ್ರ ಬರತ್ತೆ" ಅಂದಳು.

ಚಿಕ್ಕಮ್ಮ ಕಾಕ್ ಹಾರಿದ ಕಡೆಗೆ ತಲೆ ಎತ್ತಿದರು. ಆಮೇಲೆ ನನ್ನ ಕಡೆ ಮುಖ ತಿರುಗಿಸಿ ಕೇಳಿದರು: "ಲೇ ಜಯಾ, ನೆಟ್ಟಗೆ ಎಸೆದದ್ದು ಬರೀ ಗಾಳಿಗೇ ಅಷ್ಟು ದೂರ ಹೋಗ್ತದೇನೇ?"

ನನ್ನ ಕೈಯಲ್ಲಿ ಬಿಡಿಸುತ್ತಿದ್ದ ಬೆಳ್ಳುಳ್ಳಿಯ ಮೊರ ಇತ್ತು. ಅದನ್ನು ಕೆಳಗಿಡಲೂ ಆಗಲಿಲ್ಲ, ಹಿಡಿದುಕೊಳ್ಳಲೂ ಆಗಲಿಲ್ಲ. ಒಂದು ಕಣ್ಣು ಕಳೆದುಕೊಂಡ ಹೆಂಗಸಿಗೆ ಇಷ್ಟು ವರ್ಷ ಇದೊಂದು ವಿಷಯ ಯಾರೂ ಬಿಡಿಸಿ ಹೇಳಿರಲಿಲ್ಲ.

ನಮ್ಮದು ಗುಬ್ಬಿ ತಾಲ್ಲೂಕು, ನಿಟ್ಟೂರಿನ ಹತ್ತಿರದ ಹಳ್ಳಿ. ತೊಂಬತ್ತರ ದಶಕದ ನಡುವೆ ಸೂರ್ಯಕಾಂತಿ ಬೆಳೆಯುವ ಹುಚ್ಚು ನಮ್ಮ ಕಡೆಯೂ ಬಂತು. ರಾಗಿ ಬಿತ್ತುತ್ತಿದ್ದ ಹೊಲಕ್ಕೆ ಅಪ್ಪ ಆ ವರ್ಷ ಸೂರ್ಯಕಾಂತಿ ಹಾಕಿದರು. ಹೂವು ಕಾಳು ಕಟ್ಟುವ ಹೊತ್ತಿಗೆ ಗಿಣಿಗಳು ಬಂದವು. ಒಂದು ಹಿಂಡು ಇಳಿದರೆ ಹೂವಿನ ಮುಖದಲ್ಲಿ ಬರೀ ಗುಳಿಗಳು ಉಳಿಯುತ್ತಿದ್ದವು. ಹೊಲದ ದಕ್ಷಿಣದ ತುದಿಯಲ್ಲಿ ಅಪ್ಪ ಅಟ್ಟಣೆ ಕಟ್ಟಿಸಿದರು. ಅದರ ಮೇಲೆ ಕವಣೆ ಹಿಡಿದು ನಿಂತವನು ನನ್ನ ಅಣ್ಣ ರಂಗಸ್ವಾಮಿ. ಗುಬ್ಬಿಯಲ್ಲಿ ಎರಡನೇ ಪಿಯುಸಿ ಓದುತ್ತಿದ್ದ. ಬೆಳಿಗ್ಗೆ ಕಾಲೇಜಿಗೆ ಹೊರಡುವ ತನಕ, ಸಾಯಂಕಾಲ ಬಂದ ಮೇಲೆ, ರಜಾ ದಿನ ಪೂರ್ತಿ, ಅವನೇ ಕಾವಲು.

ಕಲ್ಲು ಎಸೆದರೆ ಹೊಲದಲ್ಲಿ ಉಳಿದು ನೇಗಿಲಿಗೆ ಸಿಗುತ್ತದೆ ಎಂದು ಅಪ್ಪ ಕಲ್ಲು ಮುಟ್ಟಲು ಬಿಡುತ್ತಿರಲಿಲ್ಲ. ಕೆರೆಯ ಗೋಡುಮಣ್ಣು ತಂದು ನಾನು ಉಂಡೆ ಕಟ್ಟುತ್ತಿದ್ದೆ, ನಿಂಬೆಹಣ್ಣಿನ ಗಾತ್ರ. ಬಿಸಿಲಿಗೆ ಒಣಗಿಸಿ, ಒಲೆಯ ಬೂದಿಯಲ್ಲಿ ಹೂತಿಟ್ಟರೆ ಗಟ್ಟಿಯಾಗುತ್ತಿದ್ದವು. ಆದರೆ ಮಣ್ಣಿನ ಉಂಡೆ ಕಲ್ಲಿಗಿಂತ ಹಗುರ. ಗಾಳಿ ಅದನ್ನು ಬೇಗ ತನ್ನ ಕಡೆಗೆ ಎಳೆದುಕೊಳ್ಳುತ್ತದೆ.

ಶುರುವಿನಲ್ಲಿ ಅಣ್ಣನಿಗೆ ಒಂದು ವಿಷಯ ತಲೆಗೇ ಹೋಗುತ್ತಿರಲಿಲ್ಲ. ಅಟ್ಟಣೆಯ ಮೇಲೆ ಅಂಗಿಯ ತುದಿಯೂ ಅಲ್ಲಾಡುತ್ತಿರಲಿಲ್ಲ, ಆದರೂ ಉಂಡೆ ಅರ್ಧ ದಾರಿಯಲ್ಲಿ ಪೂರ್ವಕ್ಕೆ ವಾಲಿಕೊಂಡು ಹೋಗುತ್ತಿತ್ತು. ಎರಡು ದಿನ ಕವಣೆಯ ಹಗ್ಗವನ್ನೇ ಬೈದ. ಆಮೇಲೆ ಹೊಲದುದ್ದಕ್ಕೂ ನಡೆದು ನೋಡಿ ಕಂಡುಕೊಂಡ. ಹೊಲದ ಪಶ್ಚಿಮಕ್ಕೆ ನಮ್ಮ ತೆಂಗಿನ ತೋಟ. ಆದರೆ ತೋಟ ಅರ್ಧಕ್ಕೇ ಮುಗಿಯುತ್ತದೆ. ಅಲ್ಲಿಂದಾಚೆ ಕೆರೆಯ ಬಯಲು. ಅಟ್ಟಣೆ ಇರುವುದು ತೋಟದ ಮರೆಯಲ್ಲಿ, ಅಲ್ಲಿ ಗಾಳಿ ಗೊತ್ತಾಗುವುದಿಲ್ಲ. ಉಂಡೆ ತೋಟ ದಾಟಿದ್ದೇ ತಡ, ಬಯಲಿನ ಗಾಳಿ ಪಕ್ಕದಿಂದ ಬಂದು ತಳ್ಳುತ್ತದೆ.

"ಉಂಡೆ ಮೇಲೆ ಜಾಸ್ತಿ ಹೊತ್ತು ಇದ್ದಷ್ಟೂ ಪಕ್ಕಕ್ ಜಾಸ್ತಿ ಹೋಗ್ತದೆ ಕಣೇ" ಎಂದು ಅವತ್ತು ರಾತ್ರಿ ಊಟ ಮಾಡುತ್ತಾ ಹೇಳಿದ. "ಹತ್ರಕ್ಕೆ, ಜೋರಾಗಿ ಹೊಡುದ್ರೆ ಗಾಳಿಗೆ ಟೈಮೇ ಸಿಗಲ್ಲ. ದೂರಕ್ ಎತ್ತಿ ಹೊಡುದ್ರೆ ಗಾಳಿ ಕೈಗೆ ಕೊಟ್ಟಂಗೆ. ಗಾಳಿ ಎಷ್ಟೈತೆ ಅಂತ ಗೊತ್ತಾದ್ರೆ ಅಷ್ಟು ಆ ಕಡಿಕ್ಕೇ ಗುರಿ ಇಡಬೋದು. ಆದ್ರೆ ಅಟ್ಟಣೆ ಮೇಲೆ ಗೊತ್ತಾಗಲ್ವಲ್ಲ."

"ನಾನ್ ಹೋಗಿ ತೋಟದ ತುದೀಲಿ ನಿಂತ್ಕತೀನಿ" ಅಂದೆ. ಹಾಗೆ ಶುರುವಾಯಿತು ನನ್ನ ಕೆಲಸ.

ತೋಟದ ಕೊನೆಯ ಮರಗಳ ಆಚೆ, ಬಯಲಿಗೆ ಮುಖ ಮಾಡಿ ನಾನು ನಿಲ್ಲುತ್ತಿದ್ದೆ. ಅಲ್ಲಿ ನಿಂತರೆ ನಾನು ಅಣ್ಣನಿಗೆ ಕಾಣುತ್ತಿರಲಿಲ್ಲ, ಕೂಗಿದ್ದು ಮಾತ್ರ ಕೇಳಿಸುತ್ತಿತ್ತು. ಸೂರ್ಯಕಾಂತಿಯ ಸಾಲುಗಳು ಅಟ್ಟಣೆಯಿಂದ ಉತ್ತರಕ್ಕೆ ಉದ್ದಕ್ಕೂ ಓಡುತ್ತಿದ್ದವು. ಅದೇ ನಮ್ಮ ಅಳತೆ. ತೆಂಗಿನ ಗರಿಯ ತುದಿ ಮಾತ್ರ ಅಲ್ಲಾಡಿದರೆ "ಎರಡು ಸಾಲು" ಎಂದು ಕೂಗುತ್ತಿದ್ದೆ, ಅಣ್ಣ ಗಿಣಿ ಕೂತ ಜಾಗಕ್ಕಿಂತ ಎರಡು ಸಾಲು ಪಶ್ಚಿಮಕ್ಕೆ ಗುರಿ ಇಡುತ್ತಿದ್ದ. ಗರಿಗಳು ಮಗುಚಿಕೊಂಡು ಸದ್ದು ಮಾಡಿದರೆ ಆರು ಸಾಲು. ಉಂಡೆ ಎಲ್ಲಿಗೋ ಹೊರಟಂತೆ ಕಂಡು, ತೋಟ ದಾಟಿದ ಮೇಲೆ ಮೆಲ್ಲಗೆ ವಾಲಿ, ಸರಿಯಾಗಿ ಹಿಂಡಿನ ನಡುವೆ ಬೀಳುತ್ತಿತ್ತು. ಗಾಳಿ ಇಲ್ಲದಿದ್ದರೆ ನಾನು ಏನೂ ಹೇಳುತ್ತಿರಲಿಲ್ಲ. ನಾನು ಸುಮ್ಮನಿದ್ದರೆ ನೇರಕ್ಕೆ ಎಸೆ ಎಂದು ಅರ್ಥ. ಪ್ರತಿ ಸಲ ಕೂಗಿ ನನ್ನ ಗಂಟಲು ಕಟ್ಟುತ್ತದೆ ಎಂದು ಅಣ್ಣನೇ ಮಾಡಿದ ಕಟ್ಟಳೆ ಅದು.

ಹೊಲದ ಪೂರ್ವಕ್ಕೆ, ಒಂದು ಬದುವಿನಾಚೆ, ಶಿವಣ್ಣ ಚಿಕ್ಕಪ್ಪನ ರಾಗಿ ಹೊಲ. ಅಪ್ಪನ ಚಿಕ್ಕಪ್ಪನ ಮಗ ಅವರು. ಗಂಗಮ್ಮ ಅವರ ಹೆಂಡತಿ. ಬದುವಿನ ಮೇಲೆ ಒಂದು ತೆಂಗಿನ ಮರ. ಹಕ್ಕಿ ಹೆದರಲಿ ಎಂದು ಚಿಕ್ಕಪ್ಪ ಆ ಮರದ ಹಿಂದೆ ಒಂದು ಗಳು ನೆಟ್ಟು ಎಣ್ಣೆ ಡಬ್ಬ ತೂಗುಹಾಕಿದ್ದರು. ಅಟ್ಟಣೆಯಿಂದ ನೋಡಿದರೆ ಡಬ್ಬಕ್ಕೆ ಮರ ಅಡ್ಡ. ಒಂದು ದಿನ ಒಳ್ಳೆ ಗಾಳಿ. ಅಣ್ಣ ನನ್ನನ್ನು ಕೇಳಿ, ಮರದಿಂದ ಎಷ್ಟೋ ದೂರಕ್ಕೆ ಗುರಿಯಿಟ್ಟು ಎತ್ತಿ ಬೀಸಿದ. ಉಂಡೆ ಮರದ ಪಕ್ಕದಲ್ಲಿ ಹಾದು, ವಾಲಿ, ಹಿಂದಿದ್ದ ಡಬ್ಬಕ್ಕೆ ಠಣ್ ಎಂದು ಹೊಡೆಯಿತು. ಬದುವಿನ ಮೇಲಿದ್ದ ಚಿಕ್ಕಪ್ಪ ಬಿದ್ದು ಬಿದ್ದು ನಕ್ಕರು.

"ಮರ ಸುತ್ಕಂಡ್ ಬಂತಲ್ಲೋ ರಂಗಾ. ನಿನ್ ಉಂಡೆಗೇನ್ ಕಣ್ಣೈತೇನ್ಲಾ?"

"ಕಣ್ಣು ನಂದಲ್ಲ ಚಿಕ್ಕಪ್ಪ, ನಮ್ ಜಯಂದು. ಅವ್ಳು ಗಾಳಿ ಹೇಳ್ತಾಳೆ, ನಾನ್ ಎಸಿತೀನಿ."

ನನ್ನ ಬಗ್ಗೆ ಯಾರಾದರೂ ಹಾಗೆ ಹೇಳಿದ್ದು ಅದೇ ಮೊದಲು. ಊರೆಲ್ಲ ಈ ಡಬ್ಬದ ಕತೆ ಹೇಳಿಕೊಂಡು ಓಡಾಡಿತು.

ಶ್ರಾವಣ ಶುರುವಾಗುವ ಹೊತ್ತಿಗೆ ಆ ಬದುವಿನ ಮರ ಯಾರದು ಎಂಬ ಜಗಳ ಎದ್ದಿತು. ಚಿಕ್ಕಪ್ಪ ಕಾಯಿ ಕೀಳಿಸಿದರು, ಅಪ್ಪ ಹೋಗಿ ಅಡ್ಡ ನಿಂತರು. ಮಾತು ಬೆಳೆದು ಎರಡು ಮನೆಗಳ ನಡುವೆ ಹೋಗಿಬರುವುದೇ ನಿಂತಿತು. ಅಣ್ಣನೂ ಅವತ್ತು ಚಿಕ್ಕಪ್ಪನಿಗೆ ಎದುರು ಮಾತಾಡಿದ. "ನಮ್ ಮರಕ್ ಬಂದ್ರೆ ಸುಮ್ನಿರಕ್ಕಿಲ್ಲ" ಅಂದಿದ್ದ. ಹುಡುಗರು ಆಡುವ ಮಾತು.

ಅದೇ ವಾರ ನನ್ನ ಶಾಲೆಯ ವಿಷಯ ಮುಗಿದುಹೋಯಿತು. ಏಳನೇ ಕ್ಲಾಸು ಪಾಸಾಗಿ ನಿಟ್ಟೂರಿನ ಹೈಸ್ಕೂಲಿಗೆ ಸೇರುವ ಆಸೆ ನನಗೆ. ಸೇರುವ ದಿನ ದಾಟಿದ್ದರೂ ಮೇಷ್ಟ್ರು ಬಾ ಅಂದಿದ್ದರು. ಅಪ್ಪನಿಗೆ ಹೇಳುತ್ತೇನೆ ಎಂದು ಅಣ್ಣ ನನಗೆ ಮಾತು ಕೊಟ್ಟಿದ್ದ. ಊಟಕ್ಕೆ ಕೂತಾಗ ಅಮ್ಮನೇ ಮಾತು ತೆಗೆದಳು. ಅಪ್ಪ ಅಣ್ಣನ ಮುಖ ನೋಡಿದರು.

"ಏನ್ಲಾ, ಕಳಿಸಾಣ್ವಾ?"

ಅಣ್ಣ ನಗುತ್ತಾ ಅಂದ: "ಅವ್ಳು ಸ್ಕೂಲಿಗ್ ಹೋದ್ರೆ ನಂಗೆ ಗಾಳಿ ಹೇಳೋರ್ ಯಾರಪ್ಪ?"

ಅಪ್ಪನೂ ನಕ್ಕರು. ಅಮ್ಮನೂ ನಕ್ಕಳು. ಅಣ್ಣ ಆಮೇಲೆ ಇನ್ನೇನೋ ಹೇಳುವವನಿದ್ದ ಎಂದು ಈಗ ಅನ್ನಿಸುತ್ತದೆ. ಅಷ್ಟರಲ್ಲಿ ಅಪ್ಪ ಕೈ ತೊಳೆದು ಎದ್ದುಹೋದರು. ಮಾತು ಅಲ್ಲಿಗೇ ಮುಗಿಯಿತು.

ಮಾರನೆಯ ದಿನ ಭಾನುವಾರ. ನಾನು ತೋಟದ ತುದಿಗೆ ಹೋಗಿ ನಿಂತೆ. ಗರಿಗಳು ಮಗುಚಿಕೊಂಡು ಬಡಿದುಕೊಳ್ಳುತ್ತಿದ್ದವು, ಲಂಗ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಪೂರ್ವದ ಕೊನೆಯ ಸಾಲುಗಳಲ್ಲಿ, ಬದುವಿನ ಪಕ್ಕದಲ್ಲೇ, ಗಿಣಿಗಳು ಇಳಿದವು. ಬದುವಿನಾಚೆ ಗಂಗಮ್ಮ ಚಿಕ್ಕಮ್ಮ ಕೂತು ಕಳೆ ತೆಗೆಯುತ್ತಿದ್ದರು. ಹೋಗುವಾಗ ಅವರ ಕೆಂಪು ಸೀರೆ ನೋಡಿದ್ದೆ. ನೋಡಿದ್ದು ಮನಸ್ಸಿನಲ್ಲಿ ನಿಂತಿರಲಿಲ್ಲ. ಕವಣೆ ತಿರುಗುವ ಸದ್ದು ಕೇಳಿಸಿತು. ಅಣ್ಣ ಒಂದು ಗಳಿಗೆ ಕಾದ. ಅವನು ನನ್ನ ಕೂಗಿಗೆ ಕಾಯುತ್ತಿದ್ದಾನೆ ಎಂದು ನನಗೆ ಗೊತ್ತಿತ್ತು. ತಪ್ಪಲಿ, ಅವನ ಗುರಿ ತಪ್ಪಲಿ, ಅಪ್ಪ ಬೈಯಲಿ, ಅಷ್ಟೇ ನನಗೆ ಬೇಕಾಗಿದ್ದು. ಬಾಯಿ ಮುಚ್ಚಿ ನಿಂತೆ.

ಸುಯ್ ಎಂಬ ಸದ್ದಿಗೆ ಚಿಕ್ಕಮ್ಮ ತಲೆ ಎತ್ತಿದರಂತೆ. ತಲೆ ಎತ್ತದಿದ್ದರೆ ಬೆನ್ನಿಗೋ ಭುಜಕ್ಕೋ ಬಿದ್ದು, ಬೈದು, ಮುಗಿದುಹೋಗುತ್ತಿತ್ತು.

ನಾನು ಕೇಳಿದ್ದು ಒಂದೇ ಕೂಗು. ಓಡಿಹೋಗಿ ಬದು ಹತ್ತಿದಾಗ ಅವರು ಕೈಯಲ್ಲಿ ಮುಖ ಮುಚ್ಚಿಕೊಂಡು ರಾಗಿ ಪೈರಿನ ಮೇಲೆ ಕೂತಿದ್ದರು. ಬೆರಳ ಸಂದಿಯಿಂದ ರಕ್ತ ಬರುತ್ತಿತ್ತು. ಪಕ್ಕದಲ್ಲಿ ಉಂಡೆ ಒಡೆದು ಬಿದ್ದಿತ್ತು. ನಾನು ಕಟ್ಟಿದ ಉಂಡೆ. ಅದರ ಮೇಲೆ ನನ್ನ ಹೆಬ್ಬೆರಳಿನ ಗುರುತು ಇನ್ನೂ ಇತ್ತು. ನಾನು ಮಾಡಿದ ಮೊದಲ ಕೆಲಸ, ಅದನ್ನು ಕಾಲಿನಿಂದ ಉಜ್ಜಿ ಪುಡಿ ಮಾಡಿದ್ದು. ಚಿಕ್ಕಮ್ಮನನ್ನು ಹಿಡಿದುಕೊಂಡದ್ದು ಆಮೇಲೆ.

ಗಾಡಿ ಕಟ್ಟಿ ನಿಟ್ಟೂರಿಗೆ, ಅಲ್ಲಿಂದ ಟೆಂಪೋದಲ್ಲಿ ತುಮಕೂರಿಗೆ ಕರೆದುಕೊಂಡು ಹೋದರು. ಕಣ್ಣು ಉಳಿಯಲಿಲ್ಲ ಎಂಬ ಸುದ್ದಿ ಎರಡು ದಿನಕ್ಕೆ ಬಂತು. ಅದಕ್ಕೂ ಮೊದಲೇ, ಅವತ್ತೇ ಹೊಲದಲ್ಲಿ, ಅಪ್ಪ ಕೇಳಿದ್ದರು.

"ಗಾಳಿ ಯಾಕ್ ಹೇಳ್ಲಿಲ್ಲ ನೀನು?"

ಅಪ್ಪನ ಕೈಯಲ್ಲಿ ಬಾರುಕೋಲು ಇತ್ತು. "ಹೇಳ್ದೆ ಕಣಪ್ಪ. ಆರು ಸಾಲು ಅಂತ ಕೂಗ್ದೆ" ಅಂದೆ.

ಅಣ್ಣ ಅಟ್ಟಣೆಯ ಏಣಿ ಹಿಡಿದುಕೊಂಡು ನಿಂತಿದ್ದ. ಮುಖ ಬಿಳಿಚಿತ್ತು. ನನ್ನನ್ನು ನೋಡಿ ಮೆಲ್ಲಗೆ ಅಂದ: "ನಂಗ್ ಕೇಳಿಸ್ಲಿಲ್ವಲ್ಲೇ."

ಒಂದು ಏಟು ತಪ್ಪಿಸಿಕೊಳ್ಳಲು ಆಡಿದ ಮಾತು ಅದು. ಅದು ಎಲ್ಲಿಗೆ ಹೋಗಿ ಬೀಳುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಚಿಕ್ಕಪ್ಪನ ಜಗಲಿಯಲ್ಲಿ ಹಿರಿಯರು ಸೇರಿದರು. ನನ್ನನ್ನು ನಿಲ್ಲಿಸಿ ಕೇಳಿದರು. ನಾನು ಮತ್ತೆ ಅದನ್ನೇ ಹೇಳಿದೆ. ಆಮೇಲೆ ಚಿಕ್ಕಪ್ಪ ಬಾಯಿಬಿಟ್ಟರು.

"ಮರ ಸುತ್ತಿಸಿ ಡಬ್ಬ ಹೊಡ್ಯೋನು ಇವ್ನು. ಆರು ಸಾಲು ಗಾಳಿ ಐತೆ ಅಂತ ತಂಗಿ ಕೂಗಿ ಹೇಳವ್ಳೆ. ಹಂಗಿದ್ರೂ ಬದುವಿನ ಕಡಿಕ್ಕೇ ನೆಟ್ಟಗೆ ಹೊಡ್ದವ್ನೆ ಅಂದ್ರೆ ಏನರ್ಥ? ಉಂಡೆ ಎಲ್ಲಿಗ್ ಬರ್ತದೆ ಅಂತ ಇವ್ನಿಗ್ ಗೊತ್ತಿರ್ಲಿಲ್ವಾ?"

"ನಂಗ್ ಕೇಳಿಸ್ಲಿಲ್ಲ ಚಿಕ್ಕಪ್ಪ. ನಿಮ್ಮಾಣೆಗೂ ಕೇಳಿಸ್ಲಿಲ್ಲ."

"ಮೂರು ಹೊಲದಾಚೆ ಗಿಣಿ ಕೂಗಿದ್ ಕೇಳಿಸ್ತದೆ, ತಂಗಿ ಕೂಗಿದ್ ಕೇಳ್ಸಕ್ಕಿಲ್ವೇನ್ಲಾ?" ಎಂದು ಒಬ್ಬರು ಅಂದರು. ಯಾರೋ ನಕ್ಕರು.

ಸುಮ್ಮನೆ ತಪ್ಪಿದ ಗುರಿ, ನನ್ನ ಒಂದು ಮಾತಿನಿಂದ, ಬೇಕೆಂದೇ ಇಟ್ಟ ಗುರಿಯಾಗಿಬಿಟ್ಟಿತ್ತು. ನಾನು ಹೇಳಲಿಲ್ಲ ಎಂದಿದ್ದರೆ ಅದು ಗಾಳಿಯ ಕೆಲಸ. ಹೇಳಿದೆ ಎಂದದ್ದಕ್ಕೆ ಅಣ್ಣನ ಕೆಲಸವಾಯಿತು. ಅದು ನನಗೆ ಅಲ್ಲೇ, ಆ ಜಗಲಿಯಲ್ಲೇ ಅರ್ಥವಾಯಿತು. ಬಾಯಿ ತೆರೆದೆ. ಅಪ್ಪ ನನ್ನ ಕಡೆ ನೋಡಿದರು. ಮುಚ್ಚಿಕೊಂಡೆ.

ಪೊಲೀಸಿಗೆ ಹೋಗುವುದು ಬೇಡ, ಹುಡುಗ ಊರಲ್ಲಿರುವುದೂ ಬೇಡ ಎಂದು ತೀರ್ಮಾನವಾಯಿತು. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಲ್ಲಿ ನಮ್ಮ ಸೋದರಮಾವ ಇದ್ದರು. ಅಣ್ಣ ಒಂದು ಬ್ಯಾಗು ಹಿಡಿದುಕೊಂಡು ಅಲ್ಲಿಗೆ ಹೋದ. ಪಿಯುಸಿ ಪರೀಕ್ಷೆ ಬರೆಯಲಿಲ್ಲ. ಸೂರ್ಯಕಾಂತಿಯನ್ನು ಆ ವರ್ಷ ಗಿಣಿಗಳೇ ತಿಂದವು. ಅಪ್ಪ ಸಾಯುವ ತನಕ ಅಣ್ಣನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅಪ್ಪನ ಮಣ್ಣಿಗೆ ಬಂದವನು ಚಿಕ್ಕಪ್ಪನ ಮನೆಯವರ ಕಣ್ಣು ತಪ್ಪಿಸಿ, ಮಣ್ಣು ಹಾಕಿ, ಅದೇ ಬಸ್ಸಿಗೆ ವಾಪಸ್ಸು ಹೋದ.

ನನ್ನ ಮದುವೆಗೂ ಬಂದಿದ್ದ. ಒಂದು ಮೂಲೆಯಲ್ಲಿ ಕೂತಿದ್ದ. ಅವನಿಗೆ ಎಲ್ಲ ಗೊತ್ತು, ತಂಗಿಯ ಮಾನ ಉಳಿಸಲು ಸುಮ್ಮನಿದ್ದಾನೆ, ಕೇಳಿಸಲಿಲ್ಲ ಎಂದು ಹೇಳಿ ನನ್ನ ಸುಳ್ಳನ್ನು ತಾನು ಹೊತ್ತುಕೊಂಡಿದ್ದಾನೆ ಎಂದು ನಾನು ನಂಬಿದ್ದೆ. ಹಾಗೆ ನಂಬುವುದು ನನಗೂ ಅನುಕೂಲವಾಗಿತ್ತು. ಗೊತ್ತಿದ್ದವನಿಗೆ ಮತ್ತೆ ಹೇಳುವುದೇನು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಸದಾಶಿವನಗರದ ಆ ಮೆಟ್ಟಿಲ ಮೇಲೆ ಚಿಕ್ಕಮ್ಮ ಗಾಳಿಯ ಮಾತು ಕೇಳಿದಾಗ ಎಲ್ಲ ಹೇಳಿಬಿಟ್ಟೆ. ಶಾಲೆಯ ವಿಷಯ, ಸಿಟ್ಟು, ನಾನು ಬಾಯಿ ಮುಚ್ಚಿ ನಿಂತದ್ದು, ಜಗಲಿಯಲ್ಲಿ ಆಡಿದ ಸುಳ್ಳು. ಚಿಕ್ಕಮ್ಮ ಕನ್ನಡಕ ತೆಗೆದರು. ತೆಗೆಯಬಾರದು ಎಂದು ಡಾಕ್ಟರು ಹೇಳಿದ್ದರೂ ತೆಗೆದು, ಒಂದೇ ಕಣ್ಣಿನಲ್ಲಿ ನನ್ನನ್ನು ನೋಡಿದರು. ಹೊಡೆಯುತ್ತಾರೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ದಿನಾ ದೀಪ ಹಚ್ಚುವಾಗ ಅವ್ನಿಗೆ ಶಾಪ ಹಾಕಿವ್ನಿ ಕಣೇ" ಅಂದರು. "ಅವ್ನ ಕೈ ಸೇದೋಗ್ಲಿ ಅಂತ. ಇಷ್ಟು ವರ್ಷ. ಅದನ್ನೆಲ್ಲ ಈಗ ಎಲ್ಲಿಗ್ ತಕಂಡೋಗಿ ಹಾಕ್ಲಿ ನಾನು?"

ನಾನು ಅವರ ಕಾಲ ಹತ್ತಿರ ಕೂತು ಅಳತೊಡಗಿದೆ.

"ನನ್ ಮುಂದೆ ಅತ್ರೆ ಏನ್ ಬಂತು. ಎದ್ದೋಗು. ಅವ್ನಿಗ್ ಹೇಳು. ಗಂಗಮ್ಮ ಕರೀತಾವ್ಳೆ, ಊರಿಗ್ ಬರ್ಬೇಕಂತೆ ಅಂತ ಹೇಳು. ನಿಮ್ ಚಿಕ್ಕಪ್ಪಂಗೆ ನಾನ್ ಹೇಳ್ಕತೀನಿ."

ಅವರನ್ನು ಊರಿಗೆ ಬಿಟ್ಟು, ಮಾರನೆಯ ದಿನವೇ ಕುಣಿಗಲ್ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮನಸ್ಸು ಒಂದು ಥರ ಹಗುರವಾಗಿತ್ತು. ಒಳ್ಳೆ ಸುದ್ದಿ ಒಯ್ಯುವವಳ ಹಾಗೆ ಬಾಳೆಹಣ್ಣು, ಹೂವು ಕೊಂಡುಕೊಂಡೆ.

ಕೊತ್ತಗೆರೆಯಲ್ಲಿ ಅಣ್ಣನದು ಹಿಟ್ಟಿನ ಮಿಷನ್ನು. ನಾನು ಹೋದಾಗ ರಾಗಿ ಬೀಸುತ್ತಿತ್ತು. ಬೆಲ್ಟಿನ ಸದ್ದಿಗೆ ಎದೆ ನಡುಗುತ್ತಿತ್ತು. ಇಬ್ಬರು ಹೆಂಗಸರು ಚೀಲ ಇಟ್ಟುಕೊಂಡು ಕಾಯುತ್ತಿದ್ದರು. ಅಣ್ಣನ ರೆಪ್ಪೆಯ ಮೇಲೂ ಹಿಟ್ಟು. ನನ್ನನ್ನು ನೋಡಿ ನಕ್ಕ, ಸ್ಟೂಲು ಒರೆಸಿ ಕೊಟ್ಟ.

"ಗಂಗಮ್ಮ ಚಿಕ್ಕಮ್ಮನಿಗೆ ಎಲ್ಲ ಹೇಳ್ದೆ ಕಣಣ್ಣ" ಅಂದೆ.

ಅವನು ಕಿವಿಯ ಹಿಂದೆ ಕೈ ಇಟ್ಟುಕೊಂಡು ಬಗ್ಗಿದ. "ಏನು? ಜೋರಾಗಿ ಹೇಳು. ನನ್ ಕಿವಿ ವಿಷ್ಯ ನಿಂಗ್ ಗೊತ್ತಲ್ಲ."

"ಏನಾಗೈತೆ ನಿನ್ ಕಿವಿಗೆ?" ನಾನು ಕಿರುಚಿದೆ.

"ಹೊಸದಾಗ್ ಕೇಳ್ತೀಯಲ್ಲೇ. ಅವತ್ತು ನೀನು ಅಷ್ಟು ಕೂಗಿದ್ದೇ ಕೇಳಿಸ್ಲಿಲ್ಲ ಅಲ್ವಾ ನಂಗೆ."

ನಾನು ಅವನ ಮುಖವನ್ನೇ ನೋಡಿದೆ. ಅದರಲ್ಲಿ ಹಂಗಿಸುವುದು ಏನೂ ಇರಲಿಲ್ಲ. ಬೇರೆ ಯಾರದೋ ಕಾಯಿಲೆಯ ವಿಷಯ ಹೇಳುವವನ ಹಾಗೆ, ಹಿಟ್ಟು ಜರಡಿ ಹಿಡಿಯುತ್ತಲೇ ಹೇಳಿಕೊಂಡು ಹೋದ. ಕುಣಿಗಲ್ಲಿನಲ್ಲಿ ಎರಡು ಸಲ ಡಾಕ್ಟರಿಗೆ ತೋರಿಸಿದನಂತೆ. ಏನೂ ಇಲ್ಲ ಅಂದರಂತೆ. ಆದರೆ ಅವರಿಗೇನು ಗೊತ್ತು, ಬೇಕಾದ ಹೊತ್ತಿನಲ್ಲಿ ಕೈಕೊಡುವ ಕಿವಿ ಇದು ಅಂದ. ಮಾವ ಲಾರಿ ಡ್ರೈವಿಂಗ್ ಕಲಿ ಅಂದಾಗ, ಹಿಂದಿನ ಗಾಡಿಯ ಹಾರ್ನ್ ಕೇಳಿಸದೆ ಇನ್ನೊಬ್ಬರ ಜೀವ ತೆಗೆದರೆ ಎಂದು ಒಪ್ಪಲಿಲ್ಲವಂತೆ. ಮಕ್ಕಳನ್ನು ಒಬ್ಬನೇ ರಸ್ತೆ ದಾಟಿಸುವುದಿಲ್ಲವಂತೆ.

"ಅದ್ಕೇ ಈ ಮಿಷನ್ ಹಾಕ್ಕಂಡೆ" ಎಂದು ನಕ್ಕ. "ಇಲ್ಲಿ ಯಾರ್ ಮಾತೂ ಯಾರ್ಗೂ ಕೇಳ್ಸಕ್ಕಿಲ್ಲ. ನಾನೊಬ್ನೇ ಅಲ್ಲ."

ಅವನು ನನ್ನ ಸುಳ್ಳನ್ನು ಹೊತ್ತುಕೊಂಡಿರಲಿಲ್ಲ. ನಂಬಿಕೊಂಡಿದ್ದ. ಊರೆಲ್ಲ ಅವನನ್ನು ಪಾಪಿ ಅಂದಾಗಲೂ, ನಾನು ಕೂಗದೆ ಇರಬಹುದು ಎಂದು ಒಂದು ಸಲವೂ ಅವನಿಗೆ ಹೊಳೆದಿರಲಿಲ್ಲ. ತನ್ನ ಕಿವಿಯನ್ನು ಅನುಮಾನಿಸಿದ, ನನ್ನನ್ನಲ್ಲ.

ಬಾಳೆಹಣ್ಣಿನ ಚೀಲ ಕೆಳಗಿಟ್ಟೆ. ಎದ್ದುಹೋಗಿ ಗೋಡೆಯ ಮೇಲಿನ ಸ್ವಿಚ್ಚು ಆರಿಸಿದೆ. ಬೆಲ್ಟು ಸುತ್ತಿ ಸುತ್ತಿ ನಿಂತಿತು.

"ಯಾಕವ್ವ ಆರಿಸ್ಬುಟ್ಟೆ? ನಮ್ದಿನ್ನೂ ಅರ್ಧ ಐತೆ" ಅಂದಳು ಚೀಲದ ಹೆಂಗಸು.

"ಇರಿ ಅಮ್ಮ, ಒಂದ್ ನಿಮಿಷ" ಅಂದ ಅಣ್ಣ. ನನ್ನ ಕಡೆ ತಿರುಗಿದ. ಅಭ್ಯಾಸದ ಹಾಗೆ ಕೈ ಮತ್ತೆ ಕಿವಿಯ ಹಿಂದೆ ಹೋಯಿತು. ನಾನು ಆ ಕೈ ಹಿಡಿದು ಕೆಳಗಿಳಿಸಿದೆ. ಆ ಹೆಂಗಸರಿಗೂ, ಹೊರಗೆ ನಿಂತವರಿಗೂ ಕೇಳುವ ಹಾಗೆ ಹೇಳಿದೆ.

"ಅವತ್ತು ನಾನ್ ಕೂಗ್ಲೇ ಇಲ್ಲ ಕಣಣ್ಣ. ಸ್ಕೂಲಿನ್ ಸಿಟ್ಟಿಗೆ ಬಾಯ್ ಮುಚ್ಕೊಂಡ್ ನಿಂತಿದ್ದೆ. ಆಮೇಲೆ ಅಪ್ಪನ ಏಟಿಗ್ ಹೆದರಿ ಸುಳ್ ಹೇಳ್ದೆ. ನಿನ್ ಕಿವಿಗೆ ಏನೂ ಆಗಿಲ್ಲ, ಯಾವತ್ತೂ ಏನೂ ಆಗಿರ್ಲಿಲ್ಲ. ನನ್ನಿಂದ ತಪ್ಪಾಯ್ತು ಅಣ್ಣ."